ಒಂಬತ್ತನೆಯ ಚೀಟಿ

ಸಂಗ್ರಹಾಲಯದಲ್ಲಿ ಪತಂಗಗಳ ವರ್ಗೀಕರಣ ಮಾಡುವ ತಜ್ಞರಿಂದ ಬಂದ ಇಮೇಲ್‌ನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನೀವು ಎಂ.ಎಸ್ಸಿ. ಓದುವಾಗ ನಮಗೆ ಕೊಟ್ಟ ಬೂದು ಪತಂಗವನ್ನು ಹಿಡಿದದ್ದು ರಾಯದುರ್ಗದಲ್ಲೇ ತಾನೇ? ಸೋಮವಾರದೊಳಗೆ ಖಚಿತಪಡಿಸಿ.

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಸೀಮೆಯಿಂದ ಹೋದ ಒಂದೇ ಒಂದು ಒಣಗಿದ ಪತಂಗ ನೋಡಿ ಯಾರೋ ವಿದೇಶಿ ವಿದ್ವಾಂಸರು ಅದಕ್ಕೆ ಹೆಸರಿಟ್ಟಿದ್ದರು. ಆಮೇಲೆ ಬಂದವರು, ಇದೇನೂ ಬೇರೆಯಲ್ಲ, ಸಿಂಹಳದ ಪತಂಗವೇ ಎಂದು ಆ ಹೆಸರನ್ನು ಇನ್ನೊಂದು ಹಳೆಯ ಹೆಸರಿನಡಿ ಸೇರಿಸಿಬಿಟ್ಟರು. ಈಗ ಈ ತಜ್ಞರು ಹೊಟ್ಟೆಯ ತುದಿಯ ರಚನೆ ನೋಡಿ ಎರಡೂ ಬೇರೆಯೇ ಎನ್ನುತ್ತಿದ್ದಾರೆ. ಆದರೆ ಮೊದಲು ಹೆಸರಿಟ್ಟ ಮಾದರಿ ಕಳೆದುಹೋಗಿದೆ. ಆ ಹೆಸರನ್ನು ಮತ್ತೆ ಬಳಕೆಗೆ ತರಬೇಕಾದರೆ ಅದರ ಜಾಗಕ್ಕೆ ಇನ್ನೊಂದು ಬೇಕು, ಬಳ್ಳಾರಿಯ ಆಸುಪಾಸಿನದೇ ಆಗಬೇಕು. ರಾಯದುರ್ಗವಾದರೆ ನಡೆಯುತ್ತದೆ. ದೂರದ ಮಡಕಶಿರಾ ಆದರೆ ಇಲ್ಲ.

ಪತಂಗ ಹಿಡಿದ ಆ ವಾರ ನಾನು ಎರಡೂ ಊರಲ್ಲಿದ್ದೆ. ರಾಯದುರ್ಗ ಸೋದರಮಾವನ ಊರು, ಮಡಕಶಿರಾ ನಮ್ಮದು. ಎರಡೂ ಕಡೆ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದರೆ ಟ್ಯೂಬ್‌ಲೈಟಿನ ಕೆಳಗೆ ಗೋಡೆಯ ಮೇಲೆ ಪತಂಗಗಳು ಅಂಟಿಕೊಂಡು ಕೂತಿರುತ್ತಿದ್ದವು. ಅಲ್ಲಿ ನಿಂತು ಸಣ್ಣಕ್ಷರ ಬರೆಯಲಾಗದೆಂದು ಒಂದೊಂದು ಪತಂಗದ ಜೊತೆ ಇಡಲು ಊರು, ತಿಂಗಳು ಹಾಕಿದ ಚೀಟಿಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆ. ಉಳಿದ ರಾಯದುರ್ಗದ ಚೀಟಿಗಳನ್ನು ಮಡಕಶಿರಾದಲ್ಲೂ ಬಳಸಿದೆ, ಊರಿನ ಹೆಸರು ಹೊಡೆದುಹಾಕಿ. ಎಲ್ಲದರಲ್ಲೂ ಹೊಡೆದೆನೇ?

ಸುಣ್ಣದ ಗೋಡೆಯ ಮೇಲೆ ಆ ಬೂದು ಪತಂಗ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ತಜ್ಞರು ಕಳಿಸಿದ ಫೋಟೊ ನೋಡುವ ಮುಂಚೆಯೂ ಹಾಗೆ ಕಾಣುತ್ತಿತ್ತೋ, ಹೇಳಲಾರೆ.

ಮಾಮನಿಗೆ ಫೋನ್ ಮಾಡಿದೆ.

"ನೆನಪಿಲ್ದೇನವ್ವಾ! ಗ್ವಾಡಿ ಮ್ಯಾಲಿನ ಹುಳ ಹಿಡಿಯಾಕ ನಿಮ್ಮತ್ತಿ ಉಪ್ಪಿನಕಾಯಿ ಬಾಟ್ಲಿ ಒಯ್ದಿದ್ದಿ. ಆಕಿ ಇನ್ನೂ ಕೇಳ್ತಾಳ."

"ಬೂದು ಬಣ್ಣದ್ದು, ಮಾಮಾ. ರೆಕ್ಕೆ ಮೇಲೆ ಎರಡು ಕಪ್ಪು ಗೆರೆ."

"ಹುಳದ ಗೆರಿ ಯಾರ್ ಎಣಿಸ್ತಾರವ್ವಾ? ರಾಯದುರ್ಗ ಅಂತ ಬರ್ದು ಬಿಡು. ನಮ್ಮೂರ ಹೆಸರು ಪುಸ್ತಕದಾಗ ಬರ್ತತಿ ಅಂದ್ರ ಯಾಕ ಇಷ್ಟು ಹೆದರ್ತಿ?"

ಹಳೆಯ ಡೈರಿ ತೆಗೆದೆ. ರಾಯದುರ್ಗದಲ್ಲಿ ಎಂಟು, ಎಂದು ನನ್ನದೇ ಕೈಬರಹ. ತಕ್ಷಣ ತಜ್ಞರನ್ನು ಕೇಳಿದೆ: ಆ ಊರಿನ ಚೀಟಿ ಇರುವ ನನ್ನ ಪತಂಗಗಳು ನಿಮ್ಮಲ್ಲಿ ಎಷ್ಟಿವೆ? ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಒಂಬತ್ತು.

ಡೈರಿಯನ್ನೂ ನಾನು ಅದೇ ದಿನ ಬರೆದಿದ್ದೆನೋ, ಮನೆಗೆ ಬಂದು ನೆನಪಿಸಿಕೊಂಡು ಬರೆದಿದ್ದೆನೋ. ಎಂಟು ಎಂದಿದ್ದೇ ತಪ್ಪಿರಬಹುದು. ಅದು ಸರಿಯೆಂದುಕೊಂಡರೂ ಮಡಕಶಿರಾದಲ್ಲಿ ಹೊಡೆಯದೆ ಬಿಟ್ಟ ಆ ಒಂಬತ್ತನೆಯ ಚೀಟಿ ಬೇರೆ ಯಾವುದೋ ಪತಂಗದ್ದಿರಬಹುದು. ಭಾನುವಾರ ಪೂರ್ತಿ ಈ ಲೆಕ್ಕದಲ್ಲೇ ಕಳೆಯಿತು. ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ಹೌದೆಂದರೆ ಯಾರೂ ನನ್ನನ್ನು ಪರೀಕ್ಷಿಸುವುದಿಲ್ಲ. ಮುಂದೆ ಆ ಪತಂಗ ಹುಡುಕುವವರೆಲ್ಲ ನನ್ನ ಮಾತು ನಂಬಿ ರಾಯದುರ್ಗದ ಬಸ್ಸು ಹತ್ತುತ್ತಾರೆ.

ಸೋಮವಾರ ಬೆಳಿಗ್ಗೆ ಚೀಟಿಗಳ ವಿಷಯವೆಲ್ಲ ಬರೆದು, ಖಚಿತಪಡಿಸಲಾರೆ ಎಂದು ಕಳಿಸಿದೆ.

ತಜ್ಞರು ಬೇಸರ ತೋರಿಸಲಿಲ್ಲ. ಹಾಗಾದರೆ ಈ ಮಾದರಿಯನ್ನು ಕೈಬಿಡುತ್ತೇವೆ, ಬಳ್ಳಾರಿ ಕಡೆಯಿಂದ ಇನ್ನೊಂದು ಸಿಗುವವರೆಗೆ ಹೆಸರು ಈಗಿರುವಂತೆಯೇ ಇರಲಿ ಎಂದರು.

ಅಂದರೆ ಬೇರೆಯದರ ಹೆಸರಿನಡಿಯಲ್ಲೇ. ಆ ಪತಂಗ ರಾಯದುರ್ಗದ್ದೇ ಆಗಿದ್ದರೆ, ಅದಕ್ಕೆ ಸಿಗಬೇಕಾಗಿದ್ದ ಹೆಸರನ್ನು ತಪ್ಪಿಸಿದವಳು ನಾನೇ. ಮಾಮನಿಗೆ ಇನ್ನೂ ಹೇಳಿಲ್ಲ.