ಹೆಂಗಸರ ಮಹಡಿ

ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಕೆಲಸದ ಮೇಲೆ ಬೊಂಬಾಯಿಗೆ ಹೋದವನು ಫುಟ್‌ಪಾತಿನಲ್ಲಿ ಒಂದು ಹೆಗಲುಚೀಲ ಕೊಂಡೆ. ಅದರ ಮೇಲೆ ದೇಶದ ವಿಮಾನ ಸಂಸ್ಥೆಯ ಗುರುತಿತ್ತು. ಹೋದದ್ದೂ ಬಂದದ್ದೂ ರೈಲಿನಲ್ಲೇ. ಆದರೆ ಹರಿಹರದ ನಮ್ಮ ಓಣಿಯವರು ಚೀಲ ನೋಡಿ, "ಜಂಬೋದಾಗ ಬಂದ್ರೇನ್ರಿ?" ಎಂದರು. ಇಲ್ಲ ಎನ್ನಲಿಲ್ಲ. ಜಂಬೋ ಎಂಬ ಆ ದೊಡ್ಡ ವಿಮಾನ ಹಾರುತ್ತಿದ್ದದ್ದು ಲಂಡನ್ನಿಗೆ, ಹರಿಹರದ ಕಡೆಗಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ಸುಳ್ಳನ್ನು ಉಳಿಸಿಕೊಳ್ಳಲು ವಾಚನಾಲಯದಲ್ಲಿ ಕೂತು ವಿಮಾನದ ಸುದ್ದಿಗಳನ್ನೆಲ್ಲ ಓದತೊಡಗಿದೆ. ಹಳೆಯ ವಿಮಾನಗಳೊಳಗೆ ಸೀಟುಗಳ ನಡುವೆ ಓಡಾಡಲು ಒಂದೇ ಓಣಿ. ಜಂಬೋ ಬಂದ ಮೇಲೆ ಎರಡು ಓಣಿ, ಮೇಲೊಂದು ಪುಟ್ಟ ಮಹಡಿ.

ಎಂಬತ್ತರ ದಶಕದಲ್ಲಿ ಎದುರುಮನೆಯ ವೆಲ್ಡರ್ ದುಬೈಗೆ ಹೋಗಿ, ಹೆಂಡತಿಗೆ ಟಿಕೆಟ್ ಕಳಿಸಿದ. ಆಕೆ ಒಲ್ಲೆ ಎಂದು ಕೂತಳು.

"ಗುರ್ತಿಲ್ಲದ ಗಂಡಸರ ಮಗ್ಗುಲಾಗ ಹೆಂಗೆ ಕೂಡ್ಲಿ, ಅಣ್ಣಾರೆ? ನೀವು ಹತ್ತಿ ಇಳಿದೋರು, ಖರೇ ಹೇಳ್ರಿ."

"ಅದಕ್ಯಾಕ ಅಂಜ್ತಿ? ಮಹಡಿ ಪೂರಾ ಹೆಂಗಸರಿಗೇ ಐತೆ, ತಂಗಿ," ಎಂದುಬಿಟ್ಟೆ.

ಬಸ್ಸಿನ ಮುಂದಿನ ಸೀಟು ಹೆಂಗಸರಿಗೆ ಇರುವಾಗ ವಿಮಾನದಲ್ಲೂ ಹಾಗೆ ಏನೋ ಇರಬೇಕೆಂದು ನನ್ನ ಲೆಕ್ಕ. ಆಕೆ ಅಂದೇ ಬಟ್ಟೆ ಜೋಡಿಸತೊಡಗಿದಳು.

ಆಕೆ ಹೊರಡುವ ವಾರವೇ ಪತ್ರಿಕೆಯಲ್ಲಿ ಓದಿದೆ: ವಿಮಾನ ಸಂಸ್ಥೆ ದುಬೈ ಕಡೆಗೆ ಎರಡು ಎಂಜಿನ್ನಿನ ಹೊಸ ಅಗಲ ವಿಮಾನ ಬಿಟ್ಟಿತ್ತು. ಅದರಲ್ಲಿ ಎರಡು ಓಣಿ ಇದ್ದವು, ಮಹಡಿ ಇರಲಿಲ್ಲ. ಅದನ್ನು ಹೇಳಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ನನ್ನ ತಪ್ಪು ಇದು.

ಎರಡು ವರ್ಷದ ಮೇಲೆ ಆಕೆ ರಜೆಗೆ ಬಂದಾಗ ನಾನು ಒಳಕೋಣೆ ಸೇರಿದೆ. ಆಕೆಯೇ ಖರ್ಜೂರ ಹಿಡಿದು ಬಂದಳು.

"ಎರಡೂ ಓಣಿ ಅಡ್ಡಾಡಿದೆ, ಅಣ್ಣಾರೆ. ಮೆಟ್ಲು ಎಲ್ಲೈತೆ ಅಂತ ಕೇಳಿದ್ರ ಎಲ್ರೂ ನಕ್ರು. ಅತ್ತುಬಿಟ್ಟೆ. ಯಾವಳೋ ಮುದುಕಿ ತನ್ನ ಸೀಟು ಬಿಟ್ಟು ನನ್ನ ಮಗ್ಗುಲಿಗೆ ಬಂದಳು."

"ನಾನು ವಿಮಾನ ಹತ್ತೇ ಇಲ್ಲ, ತಂಗಿ," ಎಂದೆ.

ಆಕೆ ಮೊಳೆಗೆ ತೂಗುಹಾಕಿದ್ದ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಸಿಟ್ಟು ಬಂದಿತ್ತು, ಕಂಡಿತು. ಆಮೇಲೆ ಆಕೆಗೇ ನಗು ತಡೆಯಲಾಗಲಿಲ್ಲ.

"ಹಂಗಾರ ಸುಮ್ನೆ ಕೂಡ್ರಿ. ಈಗ ನಾ ಹೇಳ್ತೀನಿ, ನೀವು ಕೇಳ್ರಿ."

ತೆರೆಯಲು ಬಾರದ ಕಿಟಕಿ, ಮುಂದಿನ ಸೀಟಿನ ಬೆನ್ನಿಂದ ಬಿಚ್ಚುವ ಊಟದ ಹಲಗೆ, ಕೆಳಗೆ ಹಿಂಜಿದ ಅರಳೆಯಂಥ ಮೋಡ. ಚಹಾ ಆರುವವರೆಗೂ ಹೇಳಿದಳು.

ನಾನು ಇಂದಿಗೂ ವಿಮಾನ ಹತ್ತಿಲ್ಲ. ಮೊಮ್ಮಕ್ಕಳು ಕೇಳಿದರೆ ಆಕೆ ಹೇಳಿದ್ದನ್ನೇ ಹೇಳುತ್ತೇನೆ, ಎದುರುಮನೆ ತಂಗಿ ಹೇಳಿದ್ದು ಎಂದು ಮೊದಲೇ ತಿಳಿಸಿ.