ತೊಲೆಯ ಮೇಲೊಂದು ಕಪ್ಪು ಗೆರೆ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಕುಬಟೂರಿನ ಕೆರೆದಾರಿಯ ಹಳೆಯ ಕಲ್ಲುಮಂಟಪದ ಎದುರು ನೀಲಾಂಬಿಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಮಂಜಿಗೆ ಕಾಗದ ಮೆತ್ತಗಾಗಿ ಮಸಿ ಹರಡದಿರಲೆಂದು ಚಿತ್ರದ ಮೇಲೆ ಹಳೇ ಸೀರೆ ಹೊದಿಸಿ, ಬರೆಯುವಷ್ಟೇ ಜಾಗ ತೆರೆದಿದ್ದಾರೆ. ನಿಬ್ಬನ್ನು ಮಸಿಯಲ್ಲಿ ಅದ್ದುತ್ತಾರೆ, ಬಾಟಲಿಯ ಬಾಯಿಗೆ ಒರೆಸುತ್ತಾರೆ, ಗೆರೆ ಮಾತ್ರ ಎಳೆಯುವುದಿಲ್ಲ.

ಕೆರೆಯ ಕಡೆಗೆ ವಾಲಿರುವ ಈ ಮಂಟಪವನ್ನು ಇವತ್ತು ಬಿಚ್ಚುತ್ತಾರೆ. ಅಡಿಪಾಯ ಭದ್ರಪಡಿಸಿದ ಮೇಲೆ ಅದೇ ಕಲ್ಲುಗಳನ್ನು ಮತ್ತೆ ಜೋಡಿಸಬೇಕು. ಫೋಟೋಗಳೇನೋ ಇವೆ, ಒಳಗಿನ ಕತ್ತಲಲ್ಲಿ ಕಲ್ಲಿನ ಸಂದುಗಳು ಅವುಗಳಲ್ಲಿ ಮೂಡಿಲ್ಲ. ಹಾಗಾಗಿ ಏಣಿ ಹತ್ತಿ, ಟಾರ್ಚ್ ಹಿಡಿದು ನೋಡಿ ನೀಲಾಂಬಿಕ ಬರೆದ ಚಿತ್ರವೇ ಕೆಲಸಗಾರರಿಗೆ ಆಧಾರ.

ಹೊಸಬಾಳೆ ಊರಿನ ಇವರು ಮೊದಲು ಸೊರಬದ ವಿದ್ಯಾರ್ಥಿಗಳ ವಿಜ್ಞಾನದ ರೆಕಾರ್ಡ್‌ಗಳಿಗೆ ಚಿತ್ರ ಬರೆದುಕೊಡುತ್ತಿದ್ದರು. "ಕಪ್ಪೆ ಹೃದಯ, ದಾಸವಾಳದ ಹೂವು, ಅದನ್ನೇ ಬರ್ದು ಬರ್ದು ಕೈ ಪಳಗಿದ್ದು. ಈಗ ಪ್ರಿಂಟ್ ತೆಗ್ದು ಅಂಟಿಸ್ತಾರೆ. ನನ್ನನ್ಯಾರು ಕೇಳ್ತಾರೆ ರೀ?" ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ನಿನ್ನೆ ಅವರಿಂದ ಒಂದು ತಪ್ಪಾಗಿದೆ. ನಡುವಿನ ಕಲ್ಲುತೊಲೆಯ ಮೇಲ್ಬದಿಯಲ್ಲಿ ಬಿರುಕಿದೆ. ಕೆಳಗೆ ನಿಂತವರಿಗೆ ಕಾಣದು. ಅದನ್ನು ಬರೆಯಹೊರಟಾಗ ಊರಿನ ಹಿರಿಯ ವೀರಬಸಪ್ಪ ತಡೆದರು: "ಭಿನ್ನ ಆಗಿದ್ದನ್ನ ಬರೀಬ್ಯಾಡವ್ವ. ದೇವ್ರ ಪಲ್ಲಕ್ಕಿ ಇಳಿಸೋ ಜಾಗ ಅದು." ಭಿನ್ನವಾದ ವಿಗ್ರಹವನ್ನು ಮನೆಯಲ್ಲಿಡದೆ ಬೆಳೆದವರು ನೀಲಾಂಬಿಕ. ಬಿರುಕು ಬರೆಯಲು ಮನಸ್ಸು ಒಡಂಬಡದೆ ತೊಲೆಯನ್ನು ಇಡಿಯಾಗಿಯೇ ಬರೆದುಬಿಟ್ಟರು. ರಾತ್ರಿ ನಿದ್ದೆ ಬಂದಿಲ್ಲ.

ಶಿಕಾರಿಪುರದ ಕಲ್ಲುಕೆಲಸದ ಮೇಸ್ತ್ರಿ ಪರಶುರಾಮ ಬಂದು ಚಿತ್ರದ ಮೇಲೆ ಬೆರಳಿಡುತ್ತಾರೆ. "ಈ ತೊಲೆ ಗಟ್ಟಿ ಐತಿ ಅಕ್ಕಾರೆ. ಇದಕ್ಕೇ ಹಗ್ಗ ಬಿಗಿದು, ನಮ್ಮೋರನ್ನ ಕೆಳಗೆ ನಿಲ್ಲಿಸ್ತೀನಿ."

"ಬೇಡ ರೀ! ಮೇಲೆ ಸೀಳಿದೆ ಅದು. ನಾನೇ ಬರ್ದಿಲ್ಲ."

ನಿಬ್ಬು ಈಗ ಕಾಗದಕ್ಕೆ ತಾಗಿ, ತೊಲೆಯ ಮೇಲೆ ಬಿರುಕಿನ ಗೆರೆ ಎಳೆಯುತ್ತದೆ. ಇನ್ನು ಅಳಿಸುವ ಹಾಗಿಲ್ಲ.

"ಕಡೀಗೂ ಸೀಳಿದ್ಯಲ್ಲವ್ವ," ಎಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ ವೀರಬಸಪ್ಪ ಮುಖ ತಿರುಗಿಸುತ್ತಾರೆ.

"ಸೀಳಿದ್ದು ಕಲ್ಲು ಅಜ್ಜಾ. ಅದ್ರ ಅಡೀಲಿ ನಿಲ್ಲೋರು ಜನ."

ಪರಶುರಾಮ ಏಣಿ ಹತ್ತಿ ನೋಡಿ ಇಳಿಯುತ್ತಾರೆ. ಹಗ್ಗ ಸುತ್ತಿಟ್ಟು, ತೊಲೆಗೆ ಮೊದಲು ಮರದ ದಿಮ್ಮಿಗಳ ಆಸರೆ ಕೊಡಿಸುತ್ತಾರೆ. ಆ ತೊಲೆ ನೆಲ ಮುಟ್ಟುವ ತನಕ ನೀಲಾಂಬಿಕ ಸ್ಟೂಲಿನಿಂದ ಏಳುವುದಿಲ್ಲ, ಯಾರೋ ತಂದುಕೊಟ್ಟ ಚಹಾ ಕುಡಿಯುವುದಿಲ್ಲ.

"ಬಿರುಕು ಬೆಸ್ದು, ಮಂಟಪ ಮತ್ತೆ ನಿಂತ್ಮೇಲೆ ಇನ್ನೊಂದು ಚಿತ್ರ ಬರೀಬೇಕು ರೀ," ಎನ್ನುತ್ತಾರೆ. "ಅದನ್ನ ಅಜ್ಜಂಗೇ ಕೊಡ್ತೀನಿ. ಇವತ್ತು ಅಡೀಲಿದ್ದೋರೆಲ್ಲ ಅವತ್ತೂ ಬಂದು ನೋಡ್ಬೇಕು. ಅಷ್ಟೇ."