ಏನನ್ನೂ ಕೇಳದೆ ಕೂರುವ ಪಟ್ಟಲಮ್ಮ

ಬೆಳಿಗ್ಗೆ ಆರು ಗಂಟೆ. ಬೆಳಕವಾಡಿಯಿಂದ ಮೂರು ಕಿಲೋಮೀಟರ್ ಒಳಗಿರುವ ಕಲ್ಲಾರೆದೊಡ್ಡಿಯಲ್ಲಿ ಕರಿಯಪ್ಪನವರ ಜಗಲಿಯ ಮೇಲೆ ಇಬ್ಬರು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾರೆ. ಎದುರುಬದುರಾಗಿ ಅಲ್ಲ, ಅಕ್ಕಪಕ್ಕ. ಕರಿಯಪ್ಪ ಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟುತ್ತಾರೆ, ಪಕ್ಕದ ಹೆಂಗಸು ಬೀಜ ಕಿತ್ತು ಮೊರಕ್ಕೆ ಹಾಕುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಮಾತಿಲ್ಲ. ಕರಿಯಪ್ಪನವರ ಮಗ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ.

ಪತ್ರಿಕೆಯವನ ಬಾಯಿ ಸುಮ್ಮನಿರುತ್ತದೆಯೇ? ನೋಡಿ ನೋಡಿ ಸಾಕಾಗಿ, “ಮಗನಿಗೆ ಎಷ್ಟು ವಯಸ್ಸಾಗಿತ್ತು?” ಎಂದು ಕೇಳಿಬಿಡುತ್ತೇನೆ. ಕರಿಯಪ್ಪ ಕೈಲಿದ್ದ ಹಣ್ಣನ್ನು ಮೆಲ್ಲಗೆ ಕೆಳಗಿಡುತ್ತಾರೆ, ಏಳುತ್ತಾರೆ, ಮನೆಯ ಹಿಂದಕ್ಕೆ ಹೋಗುತ್ತಾರೆ. ಮತ್ತೆ ಬರುವುದಿಲ್ಲ.

“ಕೇಳ್ಬಾರ್ದಿತ್ತು ಸಾರ್,” ಎನ್ನುತ್ತಾರೆ ಆ ಹೆಂಗಸು. ಗದರಿಕೆಯಿಲ್ಲ, ಅದೇ ನನಗೆ ಇನ್ನೂ ನಾಚಿಕೆ. “ಇನ್ನೇನು ಬಾಯಿ ಬುಡೋರು. ಎಲ್ಡು ಸಲ ದೊಡ್ಡುಸ್ರು ಎಳ್ಕಂಡಿದ್ರು. ಓಗ್ಲಿ ಬುಡಿ, ನಾಳೀಕೆ ಮೊದ್ಲಿಂದ ಸುರು ಮಾಡ್ತೀನಿ.”

ಇವರು ಪಟ್ಟಲಮ್ಮ. ನಲವತ್ತೇಳು ವರ್ಷ. ಈ ದೊಡ್ಡಿಯ ಇರುಳಿಗ ಬುಡಕಟ್ಟಿನ ಇಪ್ಪತ್ತಾರು ಮನೆಗಳಲ್ಲಿ ಮೊದಲು ಹತ್ತನೇ ತರಗತಿ ದಾಟಿದವರು, ಮೊದಲು ಎಂ.ಎ. ಮಾಡಿದವರು, ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಹನ್ನೊಂದು ವರ್ಷದಿಂದ ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿರುವ ಭಾಗ್ಯ ನಮ್ಮ ಸರ್ಕಾರಿ ಕಡತಗಳಲ್ಲಿ ಮಾತ್ರ ಸಿಗುವುದು ಅನ್ನಿ.

ವಾರಕ್ಕೆ ಹದಿನೈದು ಗಂಟೆ ಪಾಠ. ಅದಕ್ಕಾಗಿ ದಿನಾ ಮುಖ್ಯರಸ್ತೆವರೆಗೆ ಮೂರು ಕಿಲೋಮೀಟರ್ ನಡಿಗೆ, ಅಲ್ಲಿಂದ ಮಳವಳ್ಳಿಗೆ ಒಂದು ಬಸ್ಸು, ಮದ್ದೂರಿಗೆ ಇನ್ನೊಂದು, ಮಂಡ್ಯಕ್ಕೆ ಮತ್ತೊಂದು. ವಾಪಸ್ಸು ಬರುವಾಗ ಅದೇ ಮೂರು ಬಸ್ಸು, ಅದೇ ನಡಿಗೆ. ಇದರ ನಡುವೆ, ಹೊರಡುವ ಮುಂಚೆ ಹೀಗೆ ಯಾರದಾದರೂ ಜಗಲಿಯ ಮೇಲೆ ಒಂದು ಗಂಟೆ.

ಈ ದೊಡ್ಡಿಯಲ್ಲೊಂದು ರೂಢಿಯಿದೆ. ಸಾವಾದ ಮನೆಗೆ, ಮನಸ್ಸು ಕೆಟ್ಟವರ ಮನೆಗೆ ಹೋದವರು ಏನನ್ನೂ ಕೇಳುವಂತಿಲ್ಲ. ಪಕ್ಕದಲ್ಲಿ ಕೂರಬೇಕು, ಆ ಮನೆಯ ಯಾವುದಾದರೂ ಕೆಲಸಕ್ಕೆ ಕೈ ಹಾಕಬೇಕು. ಅವರಾಗಿಯೇ ಬಾಯಿ ಬಿಟ್ಟರೆ ಕೇಳಿಸಿಕೊಳ್ಳಬೇಕು. ಬಿಡದಿದ್ದರೆ ಎದ್ದು ಬಂದು, ಮಾರನೇ ದಿನ ಮತ್ತೆ ಹೋಗಬೇಕು. ಕೇಳಿದರೆ ಕಿತ್ತುಕೊಂಡ ಹಾಗೆ ಎಂಬುದು ಇಲ್ಲಿಯವರ ಲೆಕ್ಕ.

ಪಟ್ಟಲಮ್ಮನವರ ಅಣ್ಣನಿಗೆ ಇಪ್ಪತ್ತೆರಡರ ವಯಸ್ಸಿನಲ್ಲಿ ಮಾತು ನಿಂತುಹೋಗಿತ್ತು. ಯಾರೋ ಪುಣ್ಯಾತ್ಮರು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಎದುರಿಗೆ ಕೂತವರು ಸಾಲಾಗಿ ಮೂವತ್ತು ಪ್ರಶ್ನೆ ಕೇಳಿದರು. ಅಣ್ಣ ಒಂದಕ್ಕೂ ಉತ್ತರ ಕೊಡಲಿಲ್ಲ. ಬುದ್ಧಿಮಾಂದ್ಯ ಎಂದು ಚೀಟಿ ಬರೆದು ಕಳಿಸಿದರು. “ನಮ್ಮಣ್ಣ ಜೇನು ಕಟ್ಟಿರೋ ಮರನ ಗಾಳಿ ಮೂಸಿ ಯೋಳೋನು ಸಾರ್. ದಡ್ಡ ಅಂತ ಬರ್ದು ಕಳ್ಸುದ್ರು. ಆ ಚೀಟಿ ಇಟ್ಕಂಡೇ ಸತ್ತ,” ಎನ್ನುವಾಗ ಪಟ್ಟಲಮ್ಮ ಮೊರದಲ್ಲಿರುವ ಬೀಜಗಳನ್ನು ನೋಡುತ್ತಿರುತ್ತಾರೆ. ಆ ಪ್ರಶ್ನೆ ಕೇಳಿದವರಿಗೆ ಪಾಠ ಹೇಳುವ ಜಾಗದಲ್ಲಿ ತಮ್ಮವರೊಬ್ಬರು ಕೂರಬೇಕು ಎಂದು ಅವತ್ತು ಅನ್ನಿಸಿತಂತೆ. ಅವರ ಇಡೀ ಬದುಕು ಆ ಒಂದು ಕುರ್ಚಿಯ ಹಿಂದೆ ಸವೆದಿದೆ.

ಕುರ್ಚಿ ಇತ್ತು. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ, ಬರೆದರೆ ಪಟ್ಟಲಮ್ಮನವರ ಅನ್ನಕ್ಕೂ ಕಲ್ಲು ಬಿದ್ದೀತು. ಅಲ್ಲಿನ ಮನಃಶಾಸ್ತ್ರ ವಿಭಾಗದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಸಹಾಯಕ ಪ್ರಾಧ್ಯಾಪಕರ ಹುದ್ದೆ ಒಂದು. ಹದಿನಾಲ್ಕು ವರ್ಷದಲ್ಲಿ ನಾಲ್ಕು ಸಲ ಅರ್ಜಿ ಕರೆದರು. ಮೊದಲ ಸಲ ಪಟ್ಟಲಮ್ಮನವರ ಬಳಿ ಡಾಕ್ಟರೇಟ್ ಇರಲಿಲ್ಲ. ಸರಿ ಎಂದು ಹಗಲೂ ರಾತ್ರಿ ಒದ್ದಾಡಿ ಅದನ್ನು ಮಾಡಿಕೊಂಡರು. ಪ್ರಬಂಧದ ವಿಷಯ ಇನ್ನೇನು, ಈ ಪಕ್ಕದಲ್ಲಿ ಕೂರುವ ರೂಢಿಯೇ.

ಎರಡನೇ ಸಲ ಸಂದರ್ಶನಕ್ಕೆ ಕರೆ ಬಂತು. ಆಪ್ತಸಮಾಲೋಚನೆ ಮಾಡಿ ತೋರಿಸಿ ಎಂದರು. ರೋಗಿಯ ಪಾತ್ರಕ್ಕೆ ವಿಭಾಗದ ಅಟೆಂಡರ್ ನಿಂಗಯ್ಯನವರನ್ನು ಹಿಡಿದು ತಂದು ಕೂರಿಸಿದರು. “ನೀನು ಖಿನ್ನತೆ ಇರೋನ ಥರ ಇರಪ್ಪ” ಎಂದು ಹೇಳಿಕೊಟ್ಟಿದ್ದರಂತೆ. ಪಟ್ಟಲಮ್ಮ ಎದುರಿಗಿದ್ದ ಕುರ್ಚಿಯನ್ನು ಎಳೆದು ನಿಂಗಯ್ಯನವರ ಪಕ್ಕಕ್ಕೆ ಹಾಕಿಕೊಂಡರು. ಮೇಜಿನ ಮೇಲೆ ಗುಂಡುಪಿನ್ನುಗಳು ಚೆಲ್ಲಿದ್ದವು. ಒಂದೊಂದನ್ನೇ ಆಯ್ದು ಡಬ್ಬಿಗೆ ಹಾಕುತ್ತಾ ಕೂತರು. ಒಂದು ನಿಮಿಷ, ಮೂರು ನಿಮಿಷ, ಐದು ನಿಮಿಷ. ನಿಂಗಯ್ಯನವರ ಕೈಯೂ ತಾನಾಗಿ ಪಿನ್ನು ಆಯತೊಡಗಿತು. ಏಳನೇ ನಿಮಿಷಕ್ಕೆ ಸಮಿತಿಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. “ಏನಮ್ಮಾ, ಇಂಟರ್‌ವ್ಯೂಗೆ ಬಂದಿದ್ದೀರೋ, ಪಿನ್ನು ಆರಿಸೋಕೆ ಬಂದಿದ್ದೀರೋ?” ಎಲ್ಲರೂ ನಕ್ಕರಂತೆ. ಸಂವಹನ ಕೌಶಲ ಸಾಲದು ಎಂದು ಬರೆದರು, ಕೆಳಗೆ ‘ಸೂಕ್ತ ಅಭ್ಯರ್ಥಿ ಲಭ್ಯವಿಲ್ಲ’ ಎಂದು ಷರಾ. ಮಾಹಿತಿ ಹಕ್ಕಿನಲ್ಲಿ ತರಿಸಿದ ಆ ಹಾಳೆ ಪಟ್ಟಲಮ್ಮನವರ ಬ್ಯಾಗಿನಲ್ಲೇ ಇರುತ್ತದೆ.

ಥೂ, ಅನ್ನಿಸಿತು ನನಗೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವತ್ತು ಅವರು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನಿಂಗಯ್ಯ ಏದುಸಿರು ಬಿಡುತ್ತಾ ಹಿಂದೆಯೇ ಬಂದರು. ಆ ನಿಂಗಯ್ಯನವರನ್ನು ನಾನೇ ಹುಡುಕಿಕೊಂಡು ಹೋಗಿ ಮಾತಾಡಿಸಿದ್ದೇನೆ. “ನನ್ನೆಂಡ್ರು ತೀರ್ಕಂಡು ಆಗಿನ್ನೂ ಇಪ್ಪತ್ತು ದಿನ ಆಗಿತ್ತು ಸ್ವಾಮಿ. ಆಫೀಸ್ನಲ್ಲಿ ಯಾವನೂ ಏನ್ಲಾ ನಿಂಗ ಅನ್ನಿಲ್ಲ. ಪಿನ್ನು ಆಯ್ತಾ ಆಯ್ತಾ ಅವ್ಳ ಸುದ್ದಿ ಬಾಯಿಗ್ ಬಂದಿತ್ತು. ಇನ್ನೊಂದ್ ಗಳ್ಗೆ ಬುಟ್ಟಿದ್ರೆ ಅಲ್ಲೇ ಯೋಳ್ಕಂಡು ಅತ್ಬುಡ್ತಿದ್ದೆ. ಬಸ್‌ಸ್ಟಾಪ್ನಲ್ಲಿ ಅತ್ತೆ.” ಆ ಬಸ್ಸನ್ನೂ, ಅದರ ಮುಂದಿನ ಬಸ್ಸನ್ನೂ ಪಟ್ಟಲಮ್ಮ ಬಿಟ್ಟರು. ಸಮಿತಿಯವರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ. ನಾನು ಹೇಳಲಾ ಎಂದು ನಿಂಗಯ್ಯನವರನ್ನು ಕೇಳಿದ್ದಕ್ಕೆ, “ಬ್ಯಾಡಿ, ನನ್ನೆಂಡ್ರ ಸುದ್ದಿ ಅವರ ಬಾಯ್ಗೆ ಯಾಕೆ,” ಎಂದರು.

ಮೂರನೇ ಸಲ ಅರ್ಜಿ ಕರೆಯುವ ಹೊತ್ತಿಗೆ ಪಟ್ಟಲಮ್ಮನವರಿಗೆ ನಲವತ್ತೈದು ವರ್ಷ ನಾಲ್ಕು ತಿಂಗಳು. ವಯಸ್ಸಿನ ಮಿತಿ ನಲವತ್ತೈದು. ಅಷ್ಟೇ. ಯಾರೂ ಅರ್ಜಿ ಹಾಕಲಿಲ್ಲ, ಹುದ್ದೆ ಮತ್ತೆ ಖಾಲಿ ಉಳಿಯಿತು.

ತಾವು ಕೂರಲಾಗದ ಕುರ್ಚಿಗೆ ಬೇರೊಬ್ಬರನ್ನು ತರುವ ಹಟ ಆಗ ಹುಟ್ಟಿದ್ದಲ್ಲ, ಅದಕ್ಕೂ ಮೊದಲಿನದು. ಆರು ವರ್ಷದಿಂದ ಭಾನುವಾರಗಳಂದು ಮುತ್ತತ್ತಿಯ ಕಾಡಂಚಿನಿಂದ ಹಿಡಿದು ಹತ್ತೊಂಬತ್ತು ದೊಡ್ಡಿ ತಿರುಗಿದ್ದಾರೆ. ಅಷ್ಟರಲ್ಲಿ ಡಿಗ್ರಿ ಮುಗಿಸಿದವರು ಸಿಕ್ಕಿದ್ದು ನಾಲ್ವರು. ಅದರಲ್ಲಿ ಮನಃಶಾಸ್ತ್ರ ಓದಲು ಒಪ್ಪಿದ್ದು ಒಬ್ಬಳೇ, ಇದೇ ಕಲ್ಲಾರೆದೊಡ್ಡಿಯ ದೀಪಿಕ. ಪಟ್ಟಲಮ್ಮನವರನ್ನು ಚಿಕ್ಕವ್ವ ಎಂದು ಕರೆಯುವ ಹುಡುಗಿ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಎ. ಮಾಡಿದಳು, ಎರಡನೇ ಪ್ರಯತ್ನಕ್ಕೆ ಅರ್ಹತಾ ಪರೀಕ್ಷೆ ಪಾಸಾದಳು. ಹೊಟ್ಟೆಪಾಡಿಗೆ ಮದ್ದೂರಿನ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ನಾಲ್ಕನೇ ಸಲದ ಅರ್ಜಿ ಅವಳದು.

ಇಲ್ಲಿಂದ ಮುಂದಿನದನ್ನು ಹೇಳಲು ಪಟ್ಟಲಮ್ಮ ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. ಬೆಳಗಿನ ಏಟಿಗೆ ನಾನೂ ಒಂದಿಷ್ಟು ಕಲಿತಿದ್ದೇನೆ. ಕರಿಯಪ್ಪ ಬಿಟ್ಟುಹೋದ ಹುಣಸೆಹಣ್ಣಿಗೆ ಕೈ ಹಾಕಿ ತೆಪ್ಪಗೆ ಕೂರುತ್ತೇನೆ.

“ನಾನೇ ತಪ್ಪು ಮಾಡ್ದೆ ಸಾರ್,” ಎನ್ನುತ್ತಾರೆ ಕೊನೆಗೆ. “ನನಗಾದದ್ದು ಆ ಮಗೀಗೆ ಆಗ್ಬಾರ್ದು ಅಂತ ಮೂರು ತಿಂಗ್ಳು ಕೂರ್ಸ್ಕಂಡು ಹೇಳ್ಕೊಟ್ಟೆ. ಎದ್ರುಗಡೆ ಕುಂತ್ಕೋ. ಕಣ್ಣಲ್ಲಿ ಕಣ್ಣಿಟ್ಟು ನೋಡು. ನಗ್ತಾ ಇರು. ಮೊದ್ಲು ಹೆಸರು ಕೇಳು, ಆಮೇಲೆ ‘ನಿಮಗೆ ಈಗ ಹೇಗನ್ನಿಸ್ತಿದೆ’ ಅಂತ ಕೇಳು. ಸುಮ್ನೆ ಮಾತ್ರ ಇರ್‌ಬ್ಯಾಡ, ಸುಮ್ನಿದ್ರೆ ಕೆಟ್ಟೆ. ಅವ್ಳು ಒಲ್ಲೆ ಚಿಕ್ಕವ್ವ, ಬಾಯೇ ಬರಲ್ಲ ಅಂತ ಅಳೋಳು. ನಾನು ಬುಡ್ನಿಲ್ಲ. ನಮ್ ದೊಡ್ಡೀಲಿ ಹುಟ್ಟಿದ ಕೂಸ್ಗೆ ಪಕ್ದಲ್ಲಿ ಕೂರೋದ್ನ ಯಾರೂ ಹೇಳ್ಕೊಡದ್ ಬ್ಯಾಡ. ಅದು ಬರ್ತಾನೇ ತತ್ತದೆ. ನಾನು ಕುಂತ್ಕಂಡು ಅದ್ನ ಬುಡ್ಸ್ದೆ.”

ಸಂದರ್ಶನ ಹೋದ ತಿಂಗಳು ನಡೆಯಿತು. ರೋಗಿ ಮತ್ತೆ ಅದೇ ನಿಂಗಯ್ಯ. “ಆ ಮಗೀನೂ ಚಂದಾಗೇ ಕೇಳ್ತು ಸ್ವಾಮಿ. ಪಟಪಟಾಂತ ಕೇಳ್ತು. ಕೇಳಿದ್ಕೆಲ್ಲ ನಾನೂ ಉತ್ರ ಕೊಟ್ಟೆ, ಒಂದೂ ನಿಜ ಅಲ್ಲ,” ಎಂದರು ಅವರು ನನಗೆ. ಸಮಿತಿಯವರು ತಲೆಯಾಡಿಸಿದರಂತೆ. ಬೋಧನಾನುಭವ ಸಾಲದು ಎಂದು ಬರೆದರಂತೆ. ಹತ್ತು ದಿನದ ಮೇಲೆ ಬಂದ ಕಾಗದದಲ್ಲಿ ಹಳೆಯ ಷರಾ ಹಾಗೇ ಇತ್ತು, ಜೊತೆಗೆ ಒಂದು ಹೊಸ ಸಾಲು. ನಾಲ್ಕು ಬಾರಿಯೂ ಸೂಕ್ತ ಅಭ್ಯರ್ಥಿ ದೊರೆಯದ ಕಾರಣ ಸದರಿ ಹುದ್ದೆಯನ್ನು ವಿಭಾಗದಿಂದ ಕೈಬಿಡಲಾಗಿದೆ.

ಐದನೇ ಸಲ ಎಂಬುದು ಇನ್ನಿಲ್ಲ. ಎಷ್ಟೇ ದೊಡ್ಡಿ ತಿರುಗಿದರೂ, ಎಷ್ಟೇ ಮಕ್ಕಳನ್ನು ಓದಿಸಿದರೂ ಆ ಕುರ್ಚಿಯೇ ಇಲ್ಲ. ಇದಕ್ಕೊಂದು ಸಮಾಧಾನದ ಮಾತು ಸೇರಿಸೋಣವೆಂದು ನಾನೂ ಎರಡು ದಿನ ಹುಡುಕಿದೆ. ಸಿಗಲಿಲ್ಲ.

ಪಟ್ಟಲಮ್ಮನವರ ಕೊರಗು ಆ ಕಾಗದಕ್ಕಿಂತ ದೊಡ್ಡದು. ದೀಪಿಕ ಅಂದಿನಿಂದ ದೊಡ್ಡಿಗೆ ಬಂದಿಲ್ಲ. ಗಾರ್ಮೆಂಟ್ಸ್ ಹತ್ತಿರವೇ ಹುಡುಗಿಯರ ಜೊತೆ ರೂಮಿನಲ್ಲಿದ್ದಾಳೆ. ಹೋದ ಬುಧವಾರ ಪಟ್ಟಲಮ್ಮ ಕಾಲೇಜಿಗೆ ಹೋಗುವ ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು, ಊಟದ ಹೊತ್ತಿನವರೆಗೂ ಕಾರ್ಖಾನೆಯ ಗೇಟಿನ ಹೊರಗೆ ಕಾದರು. ಅವಳು ಬುತ್ತಿ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಇವರು ಹೋಗಿ ಪಕ್ಕದಲ್ಲಿ ಕೂತರು. ಊಟದ ಹೊತ್ತಿನಲ್ಲಿ ಮುಗಿಸಲೆಂದು ತಂದ ಒಂದು ಕಂತೆ ಕಾಲರ್ ಅವಳ ಮಡಿಲಲ್ಲಿತ್ತು, ದಾರದ ತುದಿಗಳನ್ನು ಕತ್ತರಿಸುವುದು ಬಾಕಿ ಇತ್ತು. ಅದರಲ್ಲಿ ಅರ್ಧ ತೆಗೆದುಕೊಂಡು ಹಲ್ಲಲ್ಲೇ ದಾರ ಕಡಿಯುತ್ತಾ ಕೂತರು.

“ಅಳ್ತಾಳೆ, ಬಯ್ತಾಳೆ, ಏನಾದ್ರೂ ಸರಿ ಅಂತ ಕುಂತಿದ್ದೆ ಸಾರ್. ಎಲ್ಡು ನಿಮ್ಸ ಆಗಿರ್‌ನಿಲ್ಲ. ನನ್ ಕಡೀಕೆ ತಿರುಗ್ದಳು. ಕಣ್ಣಲ್ಲಿ ಕಣ್ಣಿಟ್ಟು ನೋಡುದ್ಲು. ನಕ್ಕಳು. ‘ನಿಮಗೆ ಈಗ ಹೇಗನ್ನಿಸ್ತಿದೆ ಚಿಕ್ಕವ್ವ?’ ಅಂದ್ಲು.”

“ನೀವೇನಂದಿರಿ?” ಕೇಳಬಾರದು ಎಂದುಕೊಂಡಿದ್ದರೂ ಕೇಳಿಬಿಡುತ್ತೇನೆ.

ಪಟ್ಟಲಮ್ಮ ಮೊರ ಎತ್ತಿ ಗೋಡೆಗೆ ಒರಗಿಸುತ್ತಾರೆ, ಬ್ಯಾಗು ಹೆಗಲಿಗೇರಿಸುತ್ತಾರೆ. ಬಸ್ಸಿಗೆ ಹೊತ್ತಾಗಿದೆ.

“ಎದ್ದು ಬಂದ್ಬುಟ್ಟೆ ಸಾರ್,” ಎಂದು ಜಗಲಿ ಇಳಿಯುತ್ತಾರೆ. ನಾಲ್ಕು ಹೆಜ್ಜೆ ಹೋದ ಮೇಲೆ ನಿಲ್ಲುತ್ತಾರೆ. “ಕೆಲ್ಸ ಗಿಲ್ಸ ಹಾಳಾಗೋಗ್ಲಿ. ಅವ್ಳು ಒಂದ್ಸಲ ನನ್ ಪಕ್ದಲ್ಲಿ ಸುಮ್ನೆ ಕುಂತ್ಕೊಂಡ್ರೆ ಸಾಕು.”